ಕರ್ನಲ್ ಎಲ್ಲರದ್ದು, ಸರಿ, ನೋಡಿಕೊಳ್ಳೋರು ಯಾರು?

ಗದಗ ಹತ್ತಿರದ ಕಳಸಾಪುರದಲ್ಲಿ ಕೂತು ಬರೀತಿದ್ದೇನೆ. ಇಲ್ಲಿ ಕಟ್ಟೆ ಮೇಲೆ ಕೂತವರ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಲಿನಕ್ಸ್ ಕರ್ನಲ್ ಓಡುತ್ತಿದೆ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ, ಎಷ್ಟು ಹೊತ್ತು ಪ್ರೊಸೆಸರ್ ಅಂತ ಹಂಚುವ ಭಾಗ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಈಗ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಆದರೆ ತಿದ್ದಿದ್ದನ್ನು ಒಪ್ಪಿಕೊಳ್ಳೋರು ಬೇಕಲ್ಲ. ಅವರ ಹೆಸರು ಕೋಡಿನ ಜೊತೆಗೇ ಬರುವ 'ಮೇಂಟೇನರ್ಸ್' ಕಡತದಲ್ಲಿವೆ. ಪ್ರತಿ ಭಾಗದ ಸ್ಥಿತಿಯೂ ಅಲ್ಲೇ ಇದೆ. 'ಸಪೋರ್ಟೆಡ್' ಅಂದ್ರೆ ಈ ಕೆಲಸಕ್ಕೆ ಯಾರಿಗೋ ಸಂಬಳ ಬರ್ತಿದೆ. 'ಮೇಂಟೇನ್ಡ್' ಅಂದ್ರೆ ಯಾರೋ ನೋಡಿಕೊಳ್ತಿದ್ದಾರೆ, ಸಂಬಳದ ಮಾತಿಲ್ಲ. 'ಆರ್ಫನ್' ಅಂದ್ರೆ ಅನಾಥ. ಇಷ್ಟು ನೇರವಾಗಿ ಬರೆದ ಸರ್ಕಾರಿ ಕಡತ ನಾನಂತೂ ನೋಡಿಲ್ಲ. ಹಾಗಂತ ಇದು ರಾಜಕೀಯದಿಂದ ಹೊರಗಿಲ್ಲ: 2024ರ ಅಕ್ಟೋಬರಿನಲ್ಲಿ ನಿರ್ಬಂಧಗಳ ಕಾರಣಕ್ಕೆ ರಷ್ಯಾ ನಂಟಿನ ಹಲವರ ಹೆಸರನ್ನು ಇಲ್ಲಿಂದ ತೆಗೆದರು. ಅವರು ಬರೆದ ಕೋಡ್ ಮಾತ್ರ ಉಳಿಯಿತು.

ಇದೇ ಪಟ್ಟಿಯ ಕೆಪ್ರೋಬ್ಸ್ ವಿಭಾಗದಲ್ಲಿ ಒಂದು ಹೆಸರಿಗೆ ನನ್ನ ಕಣ್ಣು ನಿಂತಿತ್ತು: ಐಬಿಎಂನ ಅನಂತ್ ಮಾವಿನಕಾಯನಹಳ್ಳಿ. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ, ಬೇಕಾದ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಒಳಗೇನಾಗ್ತಿದೆ ಅಂತ ನೋಡುವ ಸೌಲಭ್ಯವೇ ಕೆಪ್ರೋಬ್ಸ್. 2004ರಲ್ಲಿ, 2.6.9 ಆವೃತ್ತಿಯಲ್ಲಿ ಕರ್ನಲ್ ಸೇರಿತು. ಅದರ ದಾಖಲೆ ಬರೆದವರಲ್ಲಿ ಜಿಮ್ ಕೆನಿಸ್ಟನ್ ಜೊತೆ ಪ್ರಸನ್ನ ಪಂಚಮುಖಿ ಇದ್ದಾರೆ. ಅದನ್ನು ಓದಬೇಕು ನೀವು. ಬಳಸೋದು ಹೇಗೆ ಅನ್ನೋದರ ಜೊತೆಗೆ ಎಲ್ಲೆಲ್ಲಿ ಕೈಕೊಡುತ್ತೆ, ಏನೇನು ಬಾಕಿ ಇದೆ ಅಂತಲೂ ಒಪ್ಪಿಕೊಳ್ಳುತ್ತದೆ. ಒಂದು ತನಿಖೆಗೆ 0.5ರಿಂದ 1 ಮೈಕ್ರೊಸೆಕೆಂಡ್ ಹಿಡಿಯುತ್ತೆ ಅನ್ನುವ ಲೆಕ್ಕವೂ ಇದೆ. ಆದರೆ ಅದು 2005ರ ಪ್ರೊಸೆಸರಿನ ಲೆಕ್ಕ. ಕೋಡ್ ಕೆಟ್ಟರೆ ಯಂತ್ರ ನಿಲ್ಲುತ್ತೆ, ಗಲಾಟೆ ಆಗುತ್ತೆ. ದಾಖಲೆ ಹಳತಾದರೆ ಸದ್ದೇ ಇರಲ್ಲ.

ಕನ್ನಡದ ಹೆಸರುಗಳು ಒಳಗಿವೆ, ಕನ್ನಡ ಇಲ್ಲ. ಕರ್ನಲ್ ದಾಖಲೆಗಳ ಅನುವಾದ ಚೀನಿ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಷ್‌ನಲ್ಲಿವೆ. ನಾನು ಎಂಜಿನಿಯರಿಂಗ್ ಓದುವಾಗ ಆಪರೇಟಿಂಗ್ ಸಿಸ್ಟಮ್ ಪೇಪರನ್ನು ಇಂಗ್ಲಿಷಲ್ಲಿ ಬಾಯಿಪಾಠ ಮಾಡಿ ಪಾಸಾದವನು, ಕರ್ನಲ್ ಕೋಡ್ ಒಮ್ಮೆಯೂ ತೆರೆದಿರಲಿಲ್ಲ. ಹೋದ ವರ್ಷ ಒಂದು ಪುಟ ಕನ್ನಡಕ್ಕೆ ತಂದೆ. 'ಲಾಕ್' ಅನ್ನು ಬೀಗ ಅನ್ನಬೇಕೋ ಲಾಕ್ ಅಂತಲೇ ಬಿಡಬೇಕೋ ಅನ್ನೋದರಲ್ಲೇ ಎರಡು ಸಂಜೆ ಹೋದವು. ಕೊನೆಗೆ ಲಾಕ್ ಅಂತಲೇ ಬಿಟ್ಟೆ.

ಆದರೆ ಮೂಲ ಬದಲಾದಾಗೆಲ್ಲ ಅನುವಾದವೂ ಬದಲಾಗಬೇಕು. ಅದಕ್ಕೇ ಚೀನಿ ಅನುವಾದಕ್ಕೂ ಆ ಕಡತದಲ್ಲಿ ಮೇಂಟೇನರ್ ಇದ್ದಾರೆ. ಕನ್ನಡಕ್ಕೂ ಒಂದು ಹೆಸರು ಬೇಕು. ನನ್ನ ಪುಟ ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ.