ಮತ್ಸ್ಯಕನ್ಯೆಗಾಗಿ ಮಾರಿದ ಹಡಗು

ಮೀರಾ ಗ್ರಾಂಟ್ ಅವರ ‘ರೋಲಿಂಗ್ ಇನ್ ದ ಡೀಪ್’ ಒಂದೇ ರಾತ್ರಿಗೆ ಓದಿ ಮುಗಿಸಬಹುದಾದ ಪುಟ್ಟ ಭಯಾನಕ ಕಥೆ. 2017ರ ‘ಇನ್‌ಟು ದ ಡ್ರೌನಿಂಗ್ ಡೀಪ್’ ಕಾದಂಬರಿಗೆ ಹಿಂದಿನ ಕಥೆ ಇದು. ಅಚ್ಚಾದದ್ದೂ ಎರಡು ವರ್ಷ ಮೊದಲೇ. ಮತ್ಸ್ಯಕನ್ಯೆಯರ ಬಗ್ಗೆ ‘ಸಾಕ್ಷ್ಯಚಿತ್ರ’ ತೆಗೆಯಲು ಟಿವಿ ಚಾನೆಲ್ಲೊಂದು ಮರಿಯಾನಾ ಕಂದಕದತ್ತ ‘ಅಟಾರ್ಗಟಿಸ್’ ಎಂಬ ಹಡಗು ಕಳಿಸುತ್ತದೆ. ಅಸಲಿ ಸಿಗುವ ನಂಬಿಕೆ ಇಲ್ಲದ್ದರಿಂದ, ಬಾಲ ತೊಟ್ಟು ಈಜುವ ಕಲಾವಿದೆಯರನ್ನೂ ಹತ್ತಿಸಿಕೊಂಡಿರುತ್ತಾರೆ. ಆದರೆ ಅಸಲಿಯವೇ ಹಡಗು ಹತ್ತುತ್ತವೆ. ಒಬ್ಬರೂ ಉಳಿಯುವುದಿಲ್ಲ.

ಬ್ಯಾಂಕಿನ ಸಾಲ ವಿಭಾಗದಲ್ಲಿ ತಲೆ ನೆರೆಸಿಕೊಂಡವನು ನಾನು. ಭೂತದ ಕಥೆ ಓದಿದರೂ ಮೊದಲು ಕೇಳುವುದು, ದುಡ್ಡು ಹಾಕಿದವರು ಯಾರು ಅಂತ. ಹಾಗೆ ಕೇಳುತ್ತ ಹೋದರೆ, ಕಥೆಯಲ್ಲಲ್ಲ, ನಿಜ ಇತಿಹಾಸದಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಬ್ಯಾರೆಟ್ ಈಡ್ಸ್ ಸಿಗುತ್ತಾನೆ.

ಈತ ಅಮೆರಿಕದ ನಾವಿಕ, ‘ಪಿಕರಿಂಗ್’ ಎಂಬ ವ್ಯಾಪಾರಿ ಹಡಗಿನ ಕ್ಯಾಪ್ಟನ್. ಹಡಗಿನಲ್ಲಿ ಅವನದು ಎಂಟನೇ ಒಂದು ಭಾಗ, ನಮ್ಮ ಹಿರಿಯರ ಲೆಕ್ಕದಲ್ಲಿ ರೂಪಾಯಿಗೆ ಎರಡಾಣೆ ಪಾಲು. ಉಳಿದ ಹದಿನಾಲ್ಕಾಣೆ ಸ್ಟೀಫನ್ ಎಲ್ಲರಿ ಎಂಬವನದು. 1822ರಲ್ಲಿ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಡಚ್ಚರ ಬಳಿ ಒಣಗಿದ ‘ಮತ್ಸ್ಯಕನ್ಯೆ’ಯೊಂದನ್ನು ಕಂಡು ಈಡ್ಸ್ ಮರುಳಾದ. ಪಾಲುದಾರನಿಗೆ ಒಂದು ಮಾತೂ ಹೇಳದೆ ಹಡಗನ್ನು ಸರಕಿನ ಸಮೇತ ಮಾರಿ ಅದನ್ನು ಕೊಂಡುಕೊಂಡ. ಎರಡಾಣೆ ಪಾಲಿನವನು ಹದಿನಾರಾಣೆಯನ್ನೂ ಮಾರಿದ ಕೇಸುಗಳನ್ನು ನಾನೂ ಕಂಡಿದ್ದೇನೆ. ಅವೆಲ್ಲ ಸೈಟು, ತೋಟದ ವ್ಯವಹಾರ.

ಲಂಡನ್ನಿನ ಟರ್ಫ್ ಕಾಫಿಹೌಸಿನಲ್ಲಿ ಒಂದು ಶಿಲ್ಲಿಂಗಿಗೆ ಪ್ರದರ್ಶನ ಶುರುವಾಯಿತು. ಅಂಗರಚನಾ ತಜ್ಞ ಸರ್ ಎವರಾರ್ಡ್ ಹೋಮ್ ತಮ್ಮ ಸಹಾಯಕ ವಿಲಿಯಂ ಕ್ಲಿಫ್ಟ್‌ನನ್ನು ಪರೀಕ್ಷೆಗೆ ಕಳಿಸಿದ್ದರು. ಒರಾಂಗುಟಾನಿನ ತಲೆಬುರುಡೆ, ಬಬೂನಿನ ಹಲ್ಲು, ಕೆಳಗೆ ದೊಡ್ಡ ಮೀನಿನ ಬಾಲ ಎಂದು ಕ್ಲಿಫ್ಟ್ ಬರೆದಿಟ್ಟ. ಗುಟ್ಟು ಬಿಡಬಾರದೆಂಬ ಮಾತಿತ್ತು. ಅಷ್ಟಕ್ಕೇ ಸುಮ್ಮನಿರದೆ, ಹೋಮ್ ಅವರೇ ಅಸಲಿ ಎಂದಿದ್ದಾರೆಂದು ಈಡ್ಸ್ ಜಾಹೀರಾತು ಕೊಟ್ಟ. ಹೋಮ್ ಕೆರಳಿ ಎಲ್ಲವನ್ನೂ ಬಯಲು ಮಾಡಿಸಿದರು.

ಅಷ್ಟರಲ್ಲಿ ಎಲ್ಲರಿ ಚಾನ್ಸರಿ ಕೋರ್ಟಿಗೆ ಹೋಗಿದ್ದ. ಗಂಡಾಗಲಿ, ಹೆಣ್ಣಾಗಲಿ, ಮತ್ಸ್ಯಕನ್ಯೆಯೇ ಆಗಲಿ, ಆಸ್ತಿಯ ಹಕ್ಕು ಸಾಬೀತಾದರೆ ಕಾಯುವುದು ಕೋರ್ಟಿನ ಕೆಲಸ ಎಂಬರ್ಥದಲ್ಲಿ ನ್ಯಾಯಾಧೀಶ ಲಾರ್ಡ್ ಎಲ್ಡನ್ ತಡೆಯಾಜ್ಞೆ ಕೊಟ್ಟರು. ಈ ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆಯಾದ ಮನುಷ್ಯ ಅವರೊಬ್ಬರೇ.

ಈಡ್ಸ್ ಸತ್ತ ಮೇಲೆ ಅವನ ಮಗ ಅದನ್ನು ಬಾಸ್ಟನ್ನಿನ ಮೋಸಸ್ ಕಿಂಬಾಲ್‌ಗೆ ಮಾರಿದ. ಕಿಂಬಾಲ್‌ನಿಂದ 1842ರಲ್ಲಿ ಬಾಡಿಗೆಗೆ ಪಡೆದವನು ನ್ಯೂಯಾರ್ಕಿನ ಮ್ಯೂಸಿಯಂ ಮಾಲೀಕ ಪಿ. ಟಿ. ಬಾರ್ನಮ್: ವಾರಕ್ಕೆ ಹನ್ನೆರಡೂವರೆ ಡಾಲರ್. ಕೊಳ್ಳಲಿಲ್ಲ, ಗಮನಿಸಿ. ಪತ್ರಿಕೆಗಳಿಗೆ ಕೊಟ್ಟ ಚಿತ್ರಗಳಲ್ಲಿ ಚೆಲುವೆಯರು. ಗಾಜಿನೊಳಗೆ ಹಲ್ಲು ಕಿರಿದು ಚೀರಿದಂತಿರುವ ಕಪ್ಪು ಒಣಕಲು. ‘ಡಾಕ್ಟರ್ ಗ್ರಿಫಿನ್’ ಎಂಬ ವಿಜ್ಞಾನಿಯ ವೇಷದಲ್ಲಿ ಭಾಷಣ ಮಾಡಿದವನು ಬಾರ್ನಮ್‌ನ ಗೆಳೆಯ ಲೆವಿ ಲೈಮನ್. ಮ್ಯೂಸಿಯಮ್ಮಿನ ನಾಲ್ಕು ವಾರದ ಗಳಿಕೆ 1,272 ಡಾಲರಿನಿಂದ 3,341.93 ಡಾಲರಿಗೆ ಏರಿತು. ಆ ತೊಂಬತ್ತಮೂರು ಸೆಂಟನ್ನೂ ಬಾರ್ನಮ್ ಆತ್ಮಕಥೆಯಲ್ಲಿ ಬಿಡದೆ ಬರೆದಿದ್ದಾನೆ.

2012ರಲ್ಲಿ ಅನಿಮಲ್ ಪ್ಲಾನೆಟ್ ಮಾಡಿದ್ದೂ ಇದನ್ನೇ. ನಟರಿಗೆ ವಿಜ್ಞಾನಿಗಳ ಪಾತ್ರ ಕೊಟ್ಟು ‘ಮರ್ಮೇಡ್ಸ್: ದ ಬಾಡಿ ಫೌಂಡ್’ ತೋರಿಸಿತು. ಅಂಥ ಜೀವಿಗಳಿಗೆ ಪುರಾವೆಯೇ ಸಿಕ್ಕಿಲ್ಲ ಎಂದು ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ಹೇಳಿಕೆ ಕೊಡಬೇಕಾಯಿತು. ಮರುವರ್ಷ ಚಾನೆಲ್ಲು ಎರಡನೇ ಭಾಗ ತಂದಿತು.

ಗ್ರಾಂಟ್ ಅವರ ಜಾಣತನ ನನಗೆ ಹಿಡಿಸಿದ್ದು ಇಲ್ಲೇ. ಅವರ ಹಡಗಿನಲ್ಲೂ ಚೆಲುವೆಯರು ಬಾಡಿಗೆಯವರು. ನೀರಿನಿಂದ ಮೇಲೆ ಬಂದ ಅಸಲಿಗಳಿಗೆ ಕ್ಲಿಫ್ಟ್ ಪರೀಕ್ಷಿಸಿದ ಒಣಕಲಿನ ಹಲ್ಲುಗಳೇ ಇವೆ. ಇಷ್ಟು ಜನ ಸತ್ತ ಮೇಲೂ ಮುಂದಿನ ಕಾದಂಬರಿಯಲ್ಲಿ ಅದೇ ಕಂಪನಿ ‘ಮೆಲೂಸಿನ್’ ಎಂಬ ಇನ್ನೊಂದು ಹಡಗು ಕಳಿಸುತ್ತದೆ. ಅದಕ್ಕೆ ವಿಮೆ ಬರೆದುಕೊಟ್ಟ ಪುಣ್ಯಾತ್ಮ ಯಾರು?