ಮೊದಲ ಸೂಜಿಮದ್ದು

ಕಳೆದ ತಿಂಗಳು ನನ್ನ ಮೊಮ್ಮಗಳು ತನ್ನ ನಾಯಿಮರಿಯನ್ನು ಮೊದಲ ಬಾರಿಗೆ ಪಶುವೈದ್ಯರಲ್ಲಿಗೆ ಕರೆದೊಯ್ದಳು. ಅದರ ಸಿದ್ಧತೆ ಒಂದು ವಾರ ನಡೆಯಿತು. ನಡುಮನೆಯಲ್ಲಿ ಬುಟ್ಟಿಯೊಂದನ್ನು ತೆರೆದಿಟ್ಟು, ಹಳೆಯ ಸೀರೆಯ ತುಂಡು ಹಾಸಿ, ಮರಿಯು ತಾನಾಗಿಯೇ ಅದರಲ್ಲಿ ಮಲಗುವಂತೆ ರೂಢಿ ಮಾಡಿಸಿದಳು. ವೈದ್ಯರ ಕೈಗೆ ಬೆದರದಿರಲೆಂದು ದಿನವೂ ಅದರ ಕಿವಿ, ಬಾಯಿ, ಪಾದಗಳನ್ನು ಮೆಲ್ಲನೆ ಮುಟ್ಟಿ ನೋಡುತ್ತಿದ್ದಳು. ಹೊರಡುವ ದಿನ ಹೊಟ್ಟೆ ತುಂಬ ಉಣಿಸಲಿಲ್ಲ. ಜಂತುಹುಳುವಿನ ಪರೀಕ್ಷೆಗೆಂದು ಮಲದ ಮಾದರಿಯನ್ನೂ ಡಬ್ಬಿಯಲ್ಲಿ ತೆಗೆದುಕೊಂಡಳು.

"ಇಷ್ಟೆಲ್ಲ ಏಕಮ್ಮಾ?" ಎಂದು ಕೇಳಿದೆ. "ಮೊದಲ ಸಲ ಹೆದರಿದರೆ ಕೊನೆಯವರೆಗೂ ಹೆದರುತ್ತದೆ ತಾತ" ಎಂದಳು. ಶಾಲೆಯ ಮೊದಲ ದಿನ ಅಳುವ ಮಕ್ಕಳನ್ನು ಎಷ್ಟೋ ವರ್ಷ ಕಂಡ ನನಗೆ ಈ ಮಾತು ನಿಜವೆನಿಸಿತು. ಆದರೆ ನನ್ನ ಮನಸ್ಸು ಬೇರೊಂದು ನಾಯಿಯತ್ತ ಹೋಯಿತು.

ಪಶುವೈದ್ಯಕ್ಕೆಂದೇ ಯೂರೋಪಿನ ಮೊದಲ ಶಾಲೆ ಸ್ಥಾಪನೆಯಾದದ್ದು ಫ್ರಾನ್ಸಿನ ಲಿಯಾನ್ ನಗರದಲ್ಲಿ, 1761ರಲ್ಲಿ. ಕ್ಲಾಡ್ ಬೂರ್ಜೆಲಾ ಅದರ ಸ್ಥಾಪಕ. ಆಗಿನ ಚಿಂತೆಯೆಲ್ಲ ಕುದುರೆ ಮತ್ತು ದನಗಳದು. ನಾಯಿಯನ್ನು ಕೇಳುವವರು ವಿರಳ. ಹುಚ್ಚುನಾಯಿ ಕಡಿತಕ್ಕೆ ಲೂಯಿ ಪಾಶ್ಚರ್ ರೂಪಿಸಿದ ಲಸಿಕೆಯನ್ನು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ನೀಡಲಾಯಿತು, ಅವನು ಬದುಕಿಕೊಂಡ. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ತಲೆಯೆತ್ತಿದವು. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಸಿದ್ಧಪಡಿಸಿದ ಲಸಿಕೆಯೇ ಮುಂದೆ ಹಲವು ದಶಕ ಬಳಕೆಯಲ್ಲಿತ್ತು. ಕುರಿಯ ಮಿದುಳಿನಿಂದ ಮಾಡಿದ ಅದನ್ನು ಹೊಟ್ಟೆಯ ಸುತ್ತ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. 2004-05ರ ಹೊತ್ತಿಗೆ ನಮ್ಮಲ್ಲಿ ಅದು ನಿಂತು, ಕೋಶ ಕೃಷಿಯ ಲಸಿಕೆಗಳು ಅದರ ಜಾಗಕ್ಕೆ ಬಂದವು.

ಆ ಹದಿನಾಲ್ಕು ಸೂಜಿಗಳನ್ನು ನನ್ನ ತಂಗಿ ಉಂಡವಳು. ನಮ್ಮ ಮನೆಯ ಕರಿಯ ಒಂದು ಸಂಜೆ ಅವಳ ಕೈ ಕಚ್ಚಿತು. ನಮ್ಮ ಹಿರಿಯ ಬಂಧುಗಳಿಗೆ ನೆನಪಿರಬಹುದು. ಕರಿಯ ಒಮ್ಮೆಯೂ ಪಶುವೈದ್ಯರನ್ನು ಕಂಡಿರಲಿಲ್ಲ. ಲಸಿಕೆ ಹಾಕಿಸಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ. ಆ ರಾತ್ರಿಯೇ ಅದನ್ನು ಬಡಿದು ಕೊಂದರು. ತಂಗಿಗೆ ಚಿಕಿತ್ಸೆ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ; ರೋಗಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಡಿದ ನಾಯಿಯನ್ನು ಕಟ್ಟಿ ಹತ್ತು ದಿನ ಗಮನಿಸಬೇಕೆಂಬ ನಿಯಮವನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಕರಿಯನಿಗೆ ನಿಜವಾಗಿ ಹುಚ್ಚು ಹಿಡಿದಿತ್ತೇ? ಮರಿಗಳಿಗೆ ಹಾಲೂಡಿಸುತ್ತಿದ್ದ ಬಡ ತಾಯಿ ಅದು. ಕಚ್ಚಲು ಅಷ್ಟೇ ಕಾರಣ ಸಾಕಾಗಿದ್ದಿರಬಹುದು.

ನಾಯಿ ಸಾಕಿರುವ ನನ್ನ ವಿದ್ಯಾರ್ಥಿಗಳೇ, ಮರಿಗೆ ಮೂರು ತಿಂಗಳಾಗುತ್ತಲೇ ರೇಬೀಸ್ ಲಸಿಕೆ ಹಾಕಿಸಿರಿ; ಮುಂದಿನವನ್ನು ವೈದ್ಯರು ಹೇಳಿದ ದಿನ ತಪ್ಪಿಸಬೇಡಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಿರಿ.

ಮೊಮ್ಮಗಳ ಮರಿ ಸೂಜಿ ಚುಚ್ಚಿದಾಗ ಒಮ್ಮೆ ಕುಂಯ್ ಎಂದು, ಮತ್ತೆ ತನ್ನ ಬುಟ್ಟಿ ಸೇರಿ ಮಲಗಿತು. ಲಸಿಕೆಯ ಪುಸ್ತಕದಲ್ಲಿ ಅದರ ಹೆಸರು ಬರೆಯಿಸಿ ತಂದಿದ್ದಾಳೆ. ಅದಕ್ಕೂ ಕರಿ ಎಂದೇ ಹೆಸರು, ಇಟ್ಟವನು ನಾನು.