ರೈತನ ಕಡೆಗೆ ತಿರುಗಿದ ಪರದೆ

ಕಂಪ್ಯೂಟರಿನ ಪರದೆಯನ್ನು ಯುಎಸ್‌ಬಿ ವೈರಿನಿಂದಲೇ ನಡೆಸಬಹುದೇ? ರಾಯಚೂರು, ಮಾನ್ವಿ, ದೇವದುರ್ಗದ ನಮಗೆ ಇದು ಪಹಣಿಗೂ ಸಂಬಂಧಿಸಿದ ಪ್ರಶ್ನೆ. ಹೇಗೆಂದು ನೋಡೋಣ.

2000ದ ಆಸುಪಾಸಿನಲ್ಲಿ ಸರ್ಕಾರ 'ಭೂಮಿ' ಯೋಜನೆ ತಂದಿತು. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಭೂದಾಖಲೆಗಳು ಕಂಪ್ಯೂಟರ್ ಸೇರಿದವು. ರಾಜ್ಯದ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಅಲ್ಲಿ ಎರಡು ಪರದೆ ಇಡುವ ಏರ್ಪಾಡಿತ್ತು: ಒಂದು ನೌಕರರಿಗೆ, ಇನ್ನೊಂದು ರೈತನ ಕಡೆಗೆ. ತನ್ನ ಸರ್ವೆ ನಂಬರಿನ ಮುಂದೆ ಏನು ಟೈಪಾಗುತ್ತಿದೆ ಎಂದು ರೈತ ಕಣ್ಣಾರೆ ನೋಡಲಿ ಎಂಬುದು ಉದ್ದೇಶ.

ಪರದೆಗೆ ಕರೆಂಟು ಬೇಕಲ್ಲ! ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಾಡಿಗೆ ವಿದ್ಯುತ್ ಕೊಡುತ್ತಿದೆ. ಆದರೂ ನಮ್ಮ ಊರುಗಳದು ದೀಪದ ಬುಡದ ಕತ್ತಲು. ಆ ಕಾಲದ ಮಾನಿಟರ್ ಎಂದರೆ ಹಿಂದಕ್ಕೆ ಉಬ್ಬಿದ ಗಾಜಿನ ಡಬ್ಬಿ. ಒಂದಕ್ಕೇ ಸುಮಾರು 70 ವ್ಯಾಟ್ ಬೇಕು. ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಾಳೀತು?

ಯುಎಸ್‌ಬಿ ಬಂದದ್ದು 1996ರಲ್ಲಿ. ಭಾರತದಲ್ಲಿ ಹುಟ್ಟಿದ ಅಜಯ್ ಭಟ್ ಇಂಟೆಲ್‌ನಲ್ಲಿದ್ದು ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಅದು ಹುಟ್ಟಿದ್ದು ಮೌಸ್, ಕೀಬೋರ್ಡಿನಂಥವನ್ನು ಜೋಡಿಸಲು. ಕೊಡುತ್ತಿದ್ದುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್. ಹಳೆಯ ಮಾನಿಟರ್ ಒಂದಕ್ಕೆ ಇಂಥ 28 ಕಿಂಡಿ ಬೇಕಾಗುತ್ತಿತ್ತು!

ಮುಂದೆ ಎರಡೂ ಕಡೆ ಬದಲಾಯಿತು. 2008ರ ಯುಎಸ್‌ಬಿ 3.0 ಕಿಂಡಿ 4.5 ವ್ಯಾಟ್ ಕೊಟ್ಟಿತು. 2012ರ 'ಪವರ್ ಡೆಲಿವರಿ' ನಿಯಮ 100 ವ್ಯಾಟ್‌ವರೆಗೆ ದಾರಿ ತೆರೆಯಿತು. 2014ರಲ್ಲಿ ಟೈಪ್-ಸಿ ಬಂದು ಚಿತ್ರ, ಕರೆಂಟು ಎರಡನ್ನೂ ಒಂದೇ ವೈರಿನಲ್ಲಿ ಹರಿಸಿತು. ಅತ್ತ ಪರದೆ ತೆಳುವಾಯಿತು. ಇಂದಿನ 15 ಇಂಚಿನ ಕೈಪರದೆಗೆ ಸುಮಾರು 8 ವ್ಯಾಟ್ ಸಾಕು. ಲ್ಯಾಪ್‌ಟಾಪಿನ ಬ್ಯಾಟರಿಯೇ ಅದನ್ನು ನಡೆಸುತ್ತದೆ. ಬ್ಯಾಟರಿ ಬೇಗ ಇಳಿಯುವುದು ಮಾತ್ರ ನಿಜ.

ಕೊಳ್ಳುವವರಿಗೆ ಒಂದು ಮಾತು: ಎಲ್ಲ ಟೈಪ್-ಸಿ ಕಿಂಡಿಯೂ ಚಿತ್ರ ಕಳಿಸುವುದಿಲ್ಲ. ಬರೀ ಚಾರ್ಜಿಂಗ್ ಕೇಬಲ್ಲೂ ಸಾಲದು. ಅಂಗಡಿಯಲ್ಲೇ ಹಚ್ಚಿ ನೋಡಿ ತನ್ನಿ.

ಈಗ ಪಹಣಿ ಊರಿನ ಗ್ರಾಮ ಒನ್ ಕೇಂದ್ರದಲ್ಲೂ ಸಿಗುತ್ತದೆ. ಲ್ಯಾಪ್‌ಟಾಪಿನ ಮುಖ ಕೂತವರ ಕಡೆಗೇ ಇದ್ದರೆ, ಎದುರು ನಿಂತ ರೈತನಿಗೆ ಕಾಣುವುದು ಅದರ ಬೆನ್ನು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ತಿದ್ದುಪಡಿಗೆ ಅಲೆಯುವವರು ನಾವೇ. ಎರಡನೇ ಪರದೆಗೆ ಕರೆಂಟಿಲ್ಲ ಎಂಬ ಮಾತಿಗೆ ಇನ್ನು ಅರ್ಥವಿಲ್ಲ. "ನಮಗೂ ತೋರಿಸ್ರಿ" ಎಂದು ಕೇಳೋಣ.